ಬಿಸ್ಕತ್ತು ಡಬ್ಬಿಯ ಬರ್ಮಾ

ರಿಪ್ಪನ್‌ಪೇಟೆ ಕಡೆಯ ಮೇಷ್ಟ್ರೊಬ್ಬರು ಹೋದ ಮಳೆಗಾಲದಲ್ಲಿ ತಗಡಿನ ಬಿಸ್ಕತ್ತು ಡಬ್ಬಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಒಳಗೆ 41 ಕಪ್ಪು-ಬಿಳುಪು ಫೋಟೋಗಳಿದ್ದವು. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದವರು. ಅಲ್ಲಿ ಕಂಡ ಯುದ್ಧವನ್ನೆಲ್ಲ ತಾವೇ ಕ್ಯಾಮೆರಾದಲ್ಲಿ ಹಿಡಿದಿದ್ದರು. ಈಗ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ ಡಬ್ಬಿ ಸಿಕ್ಕಿತು. ಇಷ್ಟನ್ನು ಅವರು ಕೊಡೆ ಮಡಚುವುದರೊಳಗೆ ಹೇಳಿ ಮುಗಿಸಿದರು. ಊರಿನ ಶಾಲೆಯ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರುತ್ತಿದ್ದಾರೆ, ಅದರಲ್ಲಿ ಈ ಫೋಟೋಗಳಿಗೇ ಎಂಟು ಪುಟ ತೆಗೆದಿಟ್ಟಿದ್ದಾರೆ, ನಾನು ಕಲೆ ತೆಗೆದು, ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿಕೊಟ್ಟರೆ ಸಾಕು ಎಂಬುದು ಅವರು ಹೊತ್ತು ತಂದ ಕೆಲಸ.

ಡಬ್ಬಿ ಬರುವುದಕ್ಕೆ ಮೊದಲೇ ಅದರೊಳಗಿನ ಒಂದು ಫೋಟೋ ನನ್ನ ಮೊಬೈಲಿಗೆ ಬಂದಿತ್ತು. ಮೇಷ್ಟ್ರ ತಂಗಿಯ ಮಗ ಅದನ್ನು ಯಾವುದೋ ಆ್ಯಪಿಗೆ ಕೊಟ್ಟು ಬಣ್ಣ ಹಚ್ಚಿಸಿ, ಮಸುಕಾದ ಮುಖಗಳನ್ನು ತಿದ್ದಿಸಿ ವಾಟ್ಸ್‌ಆ್ಯಪಿನಲ್ಲಿ ಹರಿಯಬಿಟ್ಟಿದ್ದ. ಮೂಲದಲ್ಲಿ ಬರೀ ನೆರಳಾಗಿದ್ದ ಒಂದು ಮುಖಕ್ಕೆ ಆ್ಯಪು ಮೀಸೆ ಬರೆದಿತ್ತು, ಕಣ್ಣಿಗೆ ಹೊಳಪು ಕೊಟ್ಟಿತ್ತು. ನೋಡಿದ ನೆಂಟರೆಲ್ಲ ಥೇಟ್ ಅಜ್ಜನೇ ಎಂದು ಕೈ ಮುಗಿದಿದ್ದರು. ಯಂತ್ರ ಬರೆದ ಮೀಸೆಯಲ್ಲಿ ನೆಂಟರಿಗೆ ಅಜ್ಜ ಕಂಡರೆ ನನ್ನ ತಕರಾರೇನೂ ಇಲ್ಲ, ಆದರೆ ಅದನ್ನು ಇಟ್ಟುಕೊಂಡು ಯಾವ ಮಾತನ್ನೂ ಹೇಳಲಾಗದು. ಮೂಲ ಪ್ರತಿಯನ್ನೇ ತನ್ನಿ ಎಂದು ಪಟ್ಟು ಹಿಡಿದದ್ದು ಅದಕ್ಕಾಗಿ.

ಡಬ್ಬಿಯಲ್ಲಿ ಮೇಲೆಯೇ ಇದ್ದದ್ದು ಟ್ಯಾಂಕಿನ ಫೋಟೋ. ಬೆಟ್ಟದ ರಸ್ತೆ, ಮುಂದೆ ಟ್ಯಾಂಕುಗಳು, ಹಿಂದೆ ಬಂದೂಕು ಹಿಡಿದು ನಡೆಯುತ್ತಿರುವ ಸೈನಿಕರು. ಬೆನ್ನಿಗೆ ನೀಲಿ ಶಾಯಿಯಲ್ಲಿ ‘ಅಪ್ಪಯ್ಯ ಬಲದಿಂದ ಮೂರನೆಯವರು’ ಎಂಬ ಬರಹ. ಅದನ್ನು ಕೈಗೆತ್ತಿಕೊಂಡ ಕೂಡಲೇ ನನಗೆ ಇದು ಕಾಪಿ ಎನಿಸಿತು. ನಾನು ಸ್ಟುಡಿಯೋ ನಡೆಸಿದವನು. ಡಾರ್ಕ್‌ರೂಮಿನ ಹೈಪೋ ವಾಸನೆಯಲ್ಲೇ ತಲೆ ನರೆತದ್ದು. ತೀರಿಹೋದವರ ಒಂದೇ ಒಂದು ಫೋಟೋ ತಂದು, ಇದನ್ನೇ ದೊಡ್ಡದು ಮಾಡಿಕೊಡಿ ಎನ್ನುವವರಿಂದಲೇ ನಮ್ಮ ಅಂಗಡಿಯ ಅರ್ಧ ಅನ್ನ ಹುಟ್ಟುತ್ತಿತ್ತು. ಫೋಟೋದಿಂದ ಫೋಟೋ ತೆಗೆದಾಗ ನೆರಳಿನೊಳಗಿನ ವಿವರ ಸತ್ತು ಮಸಿಯಾಗುತ್ತದೆ, ಬಿಳುಪಿನೊಳಗಿನದು ಸುಣ್ಣವಾಗುತ್ತದೆ. ಈ ಟ್ಯಾಂಕಿನ ಗಾಲಿಗಳ ನಡುವೆ ಬರೀ ಮಸಿಯಿತ್ತು.

ಸಂಶಯಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಯುದ್ಧದಲ್ಲಿ ಭಾರತೀಯ ಸೈನ್ಯಕ್ಕೆ ಸೇರಿದವರು 25 ಲಕ್ಷದಷ್ಟು ಜನ. ಅವರಲ್ಲಿ ಸ್ವಂತ ಕ್ಯಾಮೆರಾ ಇದ್ದ ಸಿಪಾಯಿಗಳು ಎಷ್ಟು ವಿರಳ ಎಂಬುದನ್ನು ಆ ಕಾಲದ ಸಂಬಳ ಗೊತ್ತಿದ್ದವರು ಊಹಿಸಬಹುದು. ಯುದ್ಧಕಾಲದಲ್ಲಿ ಫಿಲ್ಮಿಗೆ ಬರ. ಮೇಲಿಂದ ಸೆನ್ಸಾರಿನ ಕಣ್ಣು. ನಡೆಯುತ್ತಿರುವ ದಾಳಿಯ ನಡುವೆ ನಿಂತು ಹೀಗೆ ಚೊಕ್ಕವಾಗಿ ಚೌಕಟ್ಟು ಕೂಡಿಸಿ ಚಿತ್ರ ತೆಗೆಯುತ್ತಿದ್ದವರು ಸರ್ಕಾರವೇ ನೇಮಿಸಿದ ಛಾಯಾಗ್ರಾಹಕರು.

“ಮೇಷ್ಟ್ರೇ, ಡಬ್ಬಿ ಸ್ವಲ್ಪ ದಿನ ಇಲ್ಲೇ ಇರಲಿ” ಎಂದೆ.

“ಯಾಕಣ್ಣ, ಏನಾದರೂ ಸಂಶಯವೇ?”

“ಸಂಶಯ ಫೋಟೋದ ಮೇಲೆ, ಅಜ್ಜನ ಮೇಲಲ್ಲ.”

ಅವರಿಗೆ ಆ ವ್ಯತ್ಯಾಸ ಅಷ್ಟಾಗಿ ರುಚಿಸಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟರು.

ಅಸಲಿಯೋ ನಕಲಿಯೋ ಎಂದು ಕೇಳುವವರು ಒಂದು ಪ್ರಶ್ನೆ ಕೇಳಿದ್ದೇವೆ ಎಂದುಕೊಳ್ಳುತ್ತಾರೆ. ಫೋಟೋದಲ್ಲಿ ಕಾಣುವ ದೃಶ್ಯ ಒಂದು ಕಾಲದ್ದು, ಅದು ಅಚ್ಚಾದ ಕಾಗದ ಇನ್ನೊಂದು ಕಾಲದ್ದು, ಬೆನ್ನಿಗೆ ಬರೆದದ್ದು ಮತ್ತೊಂದು ಕಾಲದ್ದು ಆಗಿರಬಹುದು. ಅಮೆರಿಕದ ಲೂಯಿಸ್ ಹೈನ್ ಬಾಲಕಾರ್ಮಿಕರ ಚಿತ್ರಗಳಿಂದ ಹೆಸರಾದವರು, 1940ರಲ್ಲಿ ತೀರಿಕೊಂಡರು. ಅವರೇ ಮಾಡಿದ ಪ್ರತಿಗಳೆಂದು ದುಬಾರಿ ಬೆಲೆಗೆ ಮಾರಾಟವಾದ ಹಲವು ಪ್ರಿಂಟುಗಳ ಕಾಗದ ಅವರು ಸತ್ತ ಎಷ್ಟೋ ವರ್ಷಗಳ ನಂತರ ತಯಾರಾದದ್ದು ಎಂದು 1990ರ ದಶಕದ ಕೊನೆಗೆ ಬಯಲಾಯಿತು. ಅಲ್ಲಿ ದೃಶ್ಯ ನಿಜ, ನೆಗೆಟಿವ್ ನಿಜ, ಕಾಗದ ಮಾತ್ರ ಸುಳ್ಳು. ಮೊದಲ ಮಹಾಯುದ್ಧದ ವಿಮಾನ ಕಾಳಗದ ಫೋಟೋಗಳೆಂದು 1930ರ ದಶಕದಲ್ಲಿ ಲೋಕವೆಲ್ಲ ಬೆರಗಾಗಿ ನೋಡಿದ ಒಂದು ಕಟ್ಟು ಇದಕ್ಕೆ ತಿರುಗುಮುರುಗು. ಹಾರಾಟದ ದಳದಲ್ಲಿದ್ದ ವೆಸ್ಲಿ ಆರ್ಚರ್ ಎಂಬಾತ ಪುಟ್ಟ ಮಾದರಿ ವಿಮಾನಗಳನ್ನು ಮಾಡಿ ತೆಗೆದ ಚಿತ್ರಗಳು ಅವು. ಕಾಗದ ಆ ಆಸುಪಾಸಿನದೇ, ಆತ ನಿಜವಾಗಿ ಯುದ್ಧಕ್ಕೆ ಹೋಗಿದ್ದವನೇ, ದೃಶ್ಯವೇ ಸುಳ್ಳು. ಅದು ಸಂಶಯಾತೀತವಾಗಿ ಹೊರಬಿದ್ದದ್ದು 1984ರಲ್ಲಿ, ಆತನ ಸಾಮಾನುಗಳು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದವರ ಕೈಗೆ ಬಂದಾಗ.

ಹಾಗಾಗಿ ನಾನು ಚಿತ್ರವನ್ನು ಕೊನೆಗೆ ನೋಡುವುದೆಂದು ಗಟ್ಟಿ ಮಾಡಿಕೊಂಡು ಡಬ್ಬಿಯಿಂದಲೇ ಶುರುಮಾಡಿದೆ.

ತಳಕ್ಕೆ ಹಾಸಿದ್ದು ‘ಪ್ರಜಾವಾಣಿ’ಯ ಒಂದು ಹಾಳೆ. ಆ ಪತ್ರಿಕೆ ಹುಟ್ಟಿದ್ದೇ 1948ರಲ್ಲಿ. ತಾರೀಕು ಇರಬೇಕಾದ ಮೂಲೆಯನ್ನು ಒರಲೆ ತಿಂದುಹಾಕಿತ್ತು. ಒರಲೆಗಳಿಗೆ ಸರಿಯಾಗಿ ಅದೇ ಜಾಗ ಏಕೆ ರುಚಿಯೋ ಕಾಣೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2012ರಲ್ಲಿ ಶೂ ಡಬ್ಬಿಯೊಂದರಲ್ಲಿ ಭಾರತದ 178 ಗಾಜಿನ ನೆಗೆಟಿವ್‌ಗಳು ಸಿಕ್ಕಿದ್ದವು. ಅವನ್ನು ಸುತ್ತಿಟ್ಟಿದ್ದು 1914ರ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ. ಸುತ್ತಿದ ಪತ್ರಿಕೆ ಹೇಳುವುದು ಗಂಟು ಕಟ್ಟಿದ ಕಾಲವನ್ನಷ್ಟೇ, ಆದರೂ ಅದೊಂದು ಮೊಳೆ. ಉಳಿದದ್ದನ್ನು ಅದಕ್ಕೆ ನೇತುಹಾಕಬಹುದು. ನನ್ನ ಮೊಳೆ ಇಷ್ಟು: 1948ಕ್ಕಿಂತ ಮೊದಲು ಈ ಡಬ್ಬಿಯನ್ನು ಯಾರೂ ಹೀಗೆ ಜೋಡಿಸಿಲ್ಲ.

ಬೆನ್ನ ಮೇಲಿನ ಬರಹ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಲಿಲ್ಲ. ಟೇಬಲ್ ಲ್ಯಾಂಪನ್ನು ಮಗ್ಗುಲಿಗೆ ಮಲಗಿಸಿ ಬೆಳಕು ಓರೆಯಾಗಿ ಹಾಯುವಂತೆ ಮಾಡಿದಾಗ ಅಕ್ಷರಗಳು ಕಾಗದದಲ್ಲಿ ತಗ್ಗು ಕೊರೆದು ಕೂತಿದ್ದವು, ಮುಂಬದಿಯ ಆಕಾಶದಲ್ಲಿ ಅವೇ ಉಬ್ಬಿ ಕಾಣುತ್ತಿದ್ದವು. ಬಾಲ್ ಪೆನ್ನು. ಲಾಸ್ಲೊ ಬಿರೊ ಅದಕ್ಕೆ ಪೇಟೆಂಟ್ ಪಡೆದದ್ದು 1938ರಲ್ಲಿ, ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಅಕ್ಟೋಬರಿನಲ್ಲಿ, ಯುದ್ಧ ಮುಗಿದ ಮೇಲೆ. ನಮ್ಮ ಕಡೆಯ ಶಾಲೆಗಳಲ್ಲಿ ಅಕ್ಷರ ಕೆಡುತ್ತದೆಂದು ಮೇಷ್ಟ್ರುಗಳು ಅದನ್ನು ಕಿತ್ತುಕೊಳ್ಳುತ್ತಿದ್ದ ಕಾಲ ನನಗೇ ನೆನಪಿದೆ. ಬರಹ ಯಾರದೆಂದು ಫೋನಿನಲ್ಲಿ ಕೇಳಿದ್ದಕ್ಕೆ, ನಮ್ಮಪ್ಪನದೇ ಎಂದರು ಮೇಷ್ಟ್ರು. ಅಂದರೆ ಇಡೀ ಡಬ್ಬಿಯಲ್ಲಿ ಅಜ್ಜನ ಕೈಬರಹ ಒಂದಕ್ಷರವೂ ಇರಲಿಲ್ಲ.

ನಂತರ ಕಾಗದ. ಅಳತೆ ನೋಡಿ ವಿಂಗಡಿಸಿದೆ: 22 ದೊಡ್ಡವು, ಹಾಫ್ ಪ್ಲೇಟ್ ಎಂಬ ಅಳತೆಯವು, ಹೊಳಪಿನ ಕಾಗದ, ಟ್ಯಾಂಕು-ತೋಪುಗಳೆಲ್ಲ ಇವುಗಳಲ್ಲೇ. 16 ಚಿಕ್ಕವು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು, ಅಂಚಿಗೆ ಕತ್ತರಿಯ ಹಲ್ಲು ಹಲ್ಲಿನ ಕಟ್ಟಿಂಗ್. ಉಳಿದ ಮೂರು ಅಚ್ಚಾದ ಪಿಕ್ಚರ್ ಪೋಸ್ಟ್‌ಕಾರ್ಡುಗಳು. ಅವುಗಳಲ್ಲೊಂದು ಭರ್ಜಿ ಹಿಡಿದ ಕುದುರೆ ಸವಾರರದು. ಸಂಚಿಕೆಯ ಸಮಿತಿಯವರೊಬ್ಬರು ಅದನ್ನು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಸಂಸ್ಥಾನದ ಕುದುರೆ ದಳ, ಮೈಸೂರು ಲ್ಯಾನ್ಸರ್‌ಗಳೆಂದು ಆಗಲೇ ಘೋಷಿಸಿಬಿಟ್ಟಿದ್ದರು. ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ. ಮೇಷ್ಟ್ರ ಅಜ್ಜ ಆಗ ಹುಟ್ಟಿದ್ದರೆ ಹೆಚ್ಚು. ಎರಡು ಮಹಾಯುದ್ಧಗಳನ್ನು ಒಂದೇ ಡಬ್ಬಿಯಲ್ಲಿ ತುಂಬುವ ಉತ್ಸಾಹಕ್ಕೆ ನಾನು ಉತ್ತರ ಕೊಡಲು ಹೋಗಲಿಲ್ಲ, ಕಾರ್ಡನ್ನು ಪಕ್ಕಕ್ಕಿಟ್ಟೆ.

ಕಾಗದದ ವಯಸ್ಸು ಕೇಳಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಅಂಗಡಿಯವರು ಖೋಟಾ ನೋಟು ಪತ್ತೆಗೆ ಹಿಡಿಯುತ್ತಾರಲ್ಲ, ಆ ನೇರಳೆ ಟಾರ್ಚ್ ಸಾಕು. ಕಾಗದ ಹೆಚ್ಚು ಬೆಳ್ಳಗೆ ಕಾಣಲೆಂದು ಬೆಳಗುಕಾರಕ ರಾಸಾಯನಿಕವನ್ನು ಬೆರೆಸುವ ರೂಢಿ ಫೋಟೋ ಕಾಗದಕ್ಕೆ ಬಂದದ್ದು 1950ರ ದಶಕದಲ್ಲಿ. ಅದು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೈನ್ ಅವರ ಪ್ರಿಂಟುಗಳ ಬಣ್ಣ ಬಯಲು ಮಾಡಿದ್ದೂ ಇದೇ ಹೊಳಪು. ಕಿಟಕಿಗೆ ಕಂಬಳಿ ಕಟ್ಟಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಕೂತು, ಟಾರ್ಚ್ ಹಾಕಿದೆ. ಹಾಫ್ ಪ್ಲೇಟಿನವುಗಳ ಬಿಳಿ ಅಂಚು ಹೊಸ ಪಂಚೆಯಂತೆ ಫಳ್ಳನೆ ಹೊಳೆಯಿತು. ಚಿಕ್ಕವು ಮಂಕಾಗಿ, ಸತ್ತಂತೆ ಬಿದ್ದಿದ್ದವು.

ಇಲ್ಲಿ ಆತುರಪಡುವಂತಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲೂ ಅಂಥದೇ ರಾಸಾಯನಿಕವಿದೆ. ಒಗೆದ ಬಿಳಿ ಬಟ್ಟೆಯಲ್ಲಿ ಹತ್ತಾರು ವರ್ಷ ಸುತ್ತಿಟ್ಟ ಹಳೆಯ ಕಾಗದಕ್ಕೂ ಅದು ಅಂಟಿ ಅಲ್ಲಲ್ಲಿ ತೇಪೆಯಂತೆ ಹೊಳೆಯಬಹುದು. ಇವು ತೇಪೆಯಾಗಿ ಹೊಳೆಯಲಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮ, ಹಿಂದೂ ಮುಂದೂ. ಮೂಲೆ ಮುರಿದ ಒಂದರಲ್ಲಿ ಒಳಗಿನ ನಾರೂ ಹೊಳೆಯುತ್ತಿತ್ತು. ಹೊಳೆದದ್ದು ಯುದ್ಧಕಾಲದ ಕಾಗದವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಹೊಳೆಯದ್ದು ಯುದ್ಧಕಾಲದ್ದೇ ಎಂದು ಹೇಳಲಾಗದು, ಆಮೇಲಿನ ಎಷ್ಟೋ ಕಾಗದಗಳಿಗೂ ಅದನ್ನು ಬೆರೆಸುತ್ತಿರಲಿಲ್ಲ. ಇನ್ನೊಂದು ಕಡೆಯ ಗಡಿಯನ್ನು ಕೈಯೇ ಹೇಳಿತು. ಪ್ಲಾಸ್ಟಿಕ್ ಲೇಪದ ಕಾಗದ 1970ರ ದಶಕದಿಂದ ಹಬ್ಬಿತು. ಇವು ಅದಕ್ಕಿಂತ ಹಿಂದಿನ ರೀತಿಯ, ಮಳೆಗಾಲದಲ್ಲಿ ಹಪ್ಪಳದಂತೆ ಸುರುಳಿಯಾಗುವ ಬ್ರೋಮೈಡ್ ಕಾಗದ.

ಹಳತಾಗಿ ಕಾಣುವುದನ್ನು ಮಾತ್ರ ನಮ್ಮ ಸೀಮೆಯಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಫೋಟೋದ ಮೇಲ್ಪದರ ಜೆಲಾಟಿನ್, ಅಂದರೆ ಮೂಳೆ-ಚರ್ಮದಿಂದ ತೆಗೆದ ಅಂಟು, ಬೂಷ್ಟಿಗೆ ಹಬ್ಬದೂಟ. ನನ್ನ ಮದುವೆಯ ಆಲ್ಬಮ್ಮೇ ಈಗ ವಿಜಯನಗರದ ಕಾಲದ್ದಾಗಿ ಕಾಣುತ್ತದೆ. ಆದರೂ ಚಿಕ್ಕ ಫೋಟೋಗಳಲ್ಲಿ ಒಂದು ಗುರುತಿತ್ತು. ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಛಾಯೆಯ ಲೋಹದ ಮಿಂಚು ಹಾಯುತ್ತಿತ್ತು. ಚಿತ್ರದೊಳಗಿನ ಬೆಳ್ಳಿ ತೇವಕ್ಕೂ ಗಾಳಿಗೂ ಕರಗಿ, ನಿಧಾನವಾಗಿ ಮೇಲೆ ಬಂದು ಮತ್ತೆ ಬೆಳ್ಳಿಯಾಗಿ ಕೂರುವುದರಿಂದ ಆಗುವ ಮಿಂಚು ಅದು. ಚಹಾದ ನೀರಿನಲ್ಲಿ ಅದ್ದಿ ಕಂದು ಮಾಡಿ ಮಾರುವವರಿಗೆ ಇದನ್ನು ತರುವುದು ಸುಲಭವಲ್ಲ.

ಗಾಂಧಿ ಬಜಾರಿನ ಪರಿಚಯದ ಚಿನಿವಾರರಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದೆ. ನನಗೆ ಈ ಕೆಲಸದಲ್ಲಿ ಅತಿ ಸಂತೋಷ ಕೊಟ್ಟ ಹೊತ್ತು ಅದು, ಮುಚ್ಚಿಡುವುದೇಕೆ. ಟ್ಯಾಂಕಿನ ಮೇಲೆ ಮಸೂರ ಇಟ್ಟರೆ ಅದರ ಉಕ್ಕೆಲ್ಲ ಚುಕ್ಕಿಗಳಾಗಿ ಒಡೆಯಿತು. ಸಾಲು ಸಾಲು ಚುಕ್ಕಿ, ಕಪ್ಪಿರುವಲ್ಲಿ ದಪ್ಪ, ಬಿಳುಪಿರುವಲ್ಲಿ ಸಣ್ಣ. ಮೊಳೆ ಜೋಡಿಸುವ ಮುದ್ರಣದ ಕಾಲದಲ್ಲಿ ಪತ್ರಿಕೆಗೆ ಚಿತ್ರ ಹಾಕಬೇಕಾದರೆ ಬ್ಲಾಕ್, ಅಂದರೆ ಚಿತ್ರದ ಲೋಹದ ಅಚ್ಚು, ಮಾಡಿಸಬೇಕಿತ್ತು, ಬ್ಲಾಕ್ ಎಂದರೆ ಚುಕ್ಕಿ. ಆದರೆ ನನ್ನ ಮುಂದಿದ್ದದ್ದು ಮುದ್ರಣದ ಶಾಯಿಯಲ್ಲ, ಅಪ್ಪಟ ಬೆಳ್ಳಿಯ ಫೋಟೋ. ಚುಕ್ಕಿಗಳು ಕಾಗದದ ಮೇಲಿರಲಿಲ್ಲ, ಚಿತ್ರದೊಳಗೆ ಇದ್ದವು. ಅಚ್ಚಾದ ಪುಟವೊಂದನ್ನು ಎದುರಿಟ್ಟು ಯಾರೋ ಕ್ಯಾಮೆರಾದಿಂದ ಕಾಪಿ ಮಾಡಿದ್ದರು.

ಒಮ್ಮೆ ಅದು ತಿಳಿದ ಮೇಲೆ ಉಳಿದದ್ದು ತಾನಾಗಿ ಕಣ್ಣಿಗೆ ಬೀಳತೊಡಗಿತು. ಇನ್ನೊಂದರಲ್ಲಿ ಗುಡ್ಡದ ನಡುವೆ ಅಡ್ಡಲಾಗಿ ಒಂದು ಮಡಿಕೆ; ಬೆರಳಾಡಿಸಿದರೆ ಕಾಗದ ನುಣ್ಣಗಿದೆ. ಮಡಿಕೆ ಇದ್ದದ್ದು ಮೂಲ ಪುಟದಲ್ಲಿ. ಮತ್ತೊಂದರ ಮೇಲಿನ ಮೂಲೆಯಲ್ಲಿ ಅರ್ಧಚಂದ್ರಾಕಾರದ ಕರಿ ಗುರುತು. ನಮ್ಮ ಕಸುಬಿನವರಿಗೆ ಮಾತ್ರ ಹೊಳೆಯುವ ವಸ್ತು: ಪುಟವನ್ನು ಹಲಗೆಗೆ ಸಿಕ್ಕಿಸಿದ ಡ್ರಾಯಿಂಗ್ ಪಿನ್ನಿನ ತಲೆ, ಪಕ್ಕದಲ್ಲಿ ಅದರ ನೆರಳು. ಚೌಕಟ್ಟಿನಿಂದ ಆಚೆ ಕತ್ತರಿಸಲು ಆ ಸ್ಟುಡಿಯೋದವನು ಮರೆತಿದ್ದ. ಬೆನ್ನಿಗೆ ಅವನ ರಬ್ಬರ್ ಮುದ್ರೆಯೂ ಇತ್ತು. ಅಂಗಡಿಯ ಹೆಸರು ಅಳಿಸಿ ‘ಶಿಮೊಗ’ ಎಂಬ ಇಂಗ್ಲಿಷ್ ಕಾಗುಣಿತದ ಊರು ಮಾತ್ರ ಉಳಿದಿತ್ತು. ಆ ಕಾಗುಣಿತ 2014ರವರೆಗೆ ಸರ್ಕಾರಿ ಹೆಸರೇ ಆಗಿತ್ತಾದ್ದರಿಂದ ಅದರಿಂದ ಏನೂ ಹುಟ್ಟಲಿಲ್ಲ.

ದೃಶ್ಯ ಎಲ್ಲಿಯದೆಂದು ಹುಡುಕಲು ಮೊಬೈಲೇ ಸಾಕಾಯಿತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಇಂಫಾಲ-ಕೊಹಿಮಾ ರಸ್ತೆಯಲ್ಲಿ ಲೀ-ಗ್ರಾಂಟ್ ಟ್ಯಾಂಕುಗಳ ಹಿಂದೆ ಸಾಗುತ್ತಿರುವ ಪಡೆ, 1944. ಆ ವರ್ಷ ಜಪಾನೀಯರು ಇಂಫಾಲವನ್ನು ಮುತ್ತಿದ್ದರು. ಕೊಹಿಮಾ ಕಡೆಯಿಂದ ಇಳಿದ ಪಡೆಯೂ ಇಂಫಾಲದಿಂದ ಹತ್ತಿದ ಪಡೆಯೂ ಜೂನ್ 22ರಂದು 109ನೇ ಮೈಲಿಕಲ್ಲಿನ ಬಳಿ ಕೂಡಿದಾಗ ಮುತ್ತಿಗೆ ಮುರಿಯಿತು. ಚಿತ್ರದಲ್ಲಿರುವವರು ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನವರು ಮತ್ತು 10ನೇ ಗೂರ್ಖಾ ರೈಫಲ್ಸ್‌ನವರು ಎಂದು ಮ್ಯೂಸಿಯಂ ಬರೆದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಚುಗಳನ್ನು ಹೋಲಿಸಿದೆ. ಕಾಪಿಯಲ್ಲಿ ಮೂಲಕ್ಕಿಂತ ಕಡಿಮೆಯೇ ಇರುತ್ತದೆ, ಹೆಚ್ಚು ಇರಲು ಸಾಧ್ಯವಿಲ್ಲ. ನಮ್ಮದರಲ್ಲಿ ಎಡಗಡೆಯ ಇಳಿಜಾರು ಅಷ್ಟಷ್ಟು ಕತ್ತರಿಸಿ ಹೋಗಿತ್ತು. ನಮ್ಮದರಲ್ಲೇನಾದರೂ ಹೆಚ್ಚು ಕಂಡಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಮೇಷ್ಟ್ರಿಗೆ ಹೇಳಿದಾಗ ಅವರ ಮುಖ ಇಳಿಯಿತು. “ಹಾಗಾದರೆ ಅಜ್ಜ ಸುಳ್ಳು ಹೇಳಿದರೇ?”

“ಅಜ್ಜ ಏನಾದರೂ ಹೇಳಿದ್ದನ್ನು ನೀವು ಕಿವಿಯಾರೆ ಕೇಳಿದ್ದೀರಾ?”

ಕೇಳಿರಲಿಲ್ಲ. ಅವರು ಹುಟ್ಟುವಾಗಲೇ ಅಜ್ಜ ಇರಲಿಲ್ಲ. ಅಜ್ಜನ ಬಾಯಿಂದ ಕೇಳಿ ಇನ್ನೂ ಬದುಕಿದ್ದವರು ಸಾಗರದಲ್ಲಿದ್ದ ಅವರ ಸೋದರತ್ತೆ ಒಬ್ಬರೇ.

ಇಬ್ಬರೂ ಸಾಗರಕ್ಕೆ ಹೋದೆವು. ಬಸ್ಸಿನಲ್ಲೇ ಮೇಷ್ಟ್ರಿಗೆ ಒಂದು ಷರತ್ತು ಹಾಕಿದ್ದೆ: ಫೋಟೋ ತೋರಿಸುವುದಕ್ಕೆ ಮೊದಲು ನೆನಪಿರುವುದನ್ನು ಹೇಳಿಸಬೇಕು, ಬೆನ್ನಿನ ಬರಹ ತೋರಿಸಲೇಬಾರದು, ‘ಇದು ಅಜ್ಜ ಅಲ್ಲವೇ ಅತ್ತೆ’ ಎಂದು ಬಾಯಿಗೆ ಮಾತು ತುರುಕಬಾರದು. ಹಳಬರ ನೆನಪಿಗೆ ಫೋಟೋ ಒಡ್ಡಿದರೆ ಸಾಕು, ನೆನಪು ಹೋಗಿ ಫೋಟೋದ ಆಕಾರ ತಳೆದುಬಿಡುತ್ತದೆ. ಅತ್ತೆಗೆ ಎಂಬತ್ತು ದಾಟಿದೆ. ನಮಗೆ ತಂಬುಳಿ-ಅನ್ನ ಬಡಿಸಿದ ಮೇಲೆಯೇ ಮಾತಿಗೆ ಕೂತರು.

“ಅಪ್ಪಯ್ಯ ಕ್ಯಾಮೆರಾ ಮುಟ್ಟಿದ್ದನ್ನು ನಾನು ನೋಡಿಲ್ಲ ಮಾರಾಯ. ಮಲಬಾರಿನ ಡ್ರೈವರ್ ಒಬ್ಬರ ಹತ್ತಿರ ಇತ್ತು ಎನ್ನುತ್ತಿದ್ದರು. ಪಟಾಲಂ ಬಿಟ್ಟು ಬರುವಾಗ ಒಂದಿಷ್ಟು ಪಟ ಕೊಟ್ಟಿದ್ದನಂತೆ, ಸಣ್ಣ ಸಣ್ಣವು.”

“ದೊಡ್ಡವು?” ಎಂದೆ.

“ಅವು ಪೇಪರಿನವು. ಲಡಾಯಿಯ ಚಿತ್ರ ಇದ್ದ ಇಂಗ್ಲಿಷ್ ಪುಸ್ತಕದ ಹಾಳೆಗಳು ಅಪ್ಪಯ್ಯನ ಟ್ರಂಕಿನಲ್ಲಿದ್ದವು. ಒರಲೆ ಹಿಡಿದಿತ್ತು. ಮುಳುಗಡೆ ದುಡ್ಡು ಬಂದಾಗ ಶಿವಮೊಗ್ಗಕ್ಕೆ ಹೋಗಿ ಸ್ಟುಡಿಯೋದಲ್ಲಿ ಕಾಪಿ ಹೊಡೆಸಿಕೊಂಡು ಬಂದರು. ಮುಳುಗಡೆ ದುಡ್ಡಲ್ಲಿ ಇಂಥ ದಂಡಕ್ಕೆ ಖರ್ಚು ಎಂದು ಅಮ್ಮ ಬೈದದ್ದು ಚೆನ್ನಾಗಿ ನೆನಪಿದೆ.”

ಶರಾವತಿ ಕಣಿವೆಯವರಿಗೆ ಮುಳುಗಡೆ ಎಂದರೆ ಬಿಡಿಸಿ ಹೇಳಬೇಕಿಲ್ಲ. ಊರು-ಜಮೀನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಅದರ ಪರಿಹಾರವೇ ಮುಳುಗಡೆ ದುಡ್ಡು. ನೀಲಿಯಾಗಿ ಹೊಳೆದ ಕಾಗದ, ಪ್ಲಾಸ್ಟಿಕ್ಕಿಗೆ ಮೊದಲಿನ ಬ್ರೋಮೈಡ್, ತಳಕ್ಕೆ ಹಾಸಿದ ಪತ್ರಿಕೆ ಎಲ್ಲವೂ ಆ ಕಾಲಕ್ಕೆ ಒಗ್ಗುತ್ತಿದ್ದವು. ನಾನು ಟಾರ್ಚಿನ ಸಂಗತಿಯನ್ನು ಅತ್ತೆಗೆ ಹೇಳಿರಲಿಲ್ಲ, ಅವರು ಮುಳುಗಡೆಯ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜ ಏಕೆ ಕಾಪಿ ಮಾಡಿಸಿದರು ಎಂದು ಕೇಳಿದ್ದಕ್ಕೆ ಅವರು, “ಈ ರಸ್ತೆಯಲ್ಲಿ ನಾನು ಗಾಡಿ ಹೊಡೆದಿದ್ದೇನೆ ಎನ್ನುತ್ತಿದ್ದರು” ಎಂದರು. ತಾವೇ ತೆಗೆದದ್ದು ಎಂದಾಗಲಿ, ಮೂರನೆಯವರು ತಾವೆಂದಾಗಲಿ ಅವರು ಹೇಳಿದ್ದು ಅತ್ತೆಗೆ ತಿಳಿಯದು. ಹೊರಡುವಾಗ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಅಜ್ಜನ ಡಿಸ್ಚಾರ್ಜ್ ಕಾಗದ: ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕಾರ್ಪ್ಸ್, ಲಾರಿ ಚಾಲಕ, ಸೇರಿದ್ದು 1942, ಬಿಟ್ಟದ್ದು 1946, ಪದಕಗಳ ಸಾಲಿನಲ್ಲಿ ಬರ್ಮಾ ಸ್ಟಾರ್. ಬರ್ಮಾಕ್ಕೆ ಹೋದದ್ದಂತೂ ನಿಜ.

ಹಾಗಾಗಿ ಯಾರೂ ಕಣ್ಣೆತ್ತಿ ನೋಡದಿದ್ದ 16 ಚಿಕ್ಕ ಫೋಟೋಗಳಿಗೆ ಸರದಿ ಬಂತು. ಅವುಗಳಲ್ಲಿ ಯುದ್ಧವೇ ಇರಲಿಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುವವರು, ಡೇಗಿಸದ ಸುತ್ತ ಕುಕ್ಕರುಗಾಲಲ್ಲಿ ಕೂತವರು, ಬಾನೆಟ್ ಎತ್ತಿದ ಲಾರಿ, ಅಡಿಕೆ ಮರಗಳ ಮುಂದೆ ಸಾಲಾಗಿ ನಿಂತ ಐವರು. ಅಳತೆ ಎರಡೂಕಾಲು ಇಂಚಿಗೆ ಮೂರೂಕಾಲು. 120 ಫಿಲ್ಮಿನ ಬಾಕ್ಸ್ ಕ್ಯಾಮೆರಾದ ನೆಗೆಟಿವನ್ನು ಕಾಗದದ ಮೇಲೇ ಒತ್ತಿ ಮಾಡಿದ ಕಾಂಟ್ಯಾಕ್ಟ್ ಪ್ರಿಂಟಿನ ಅಳತೆ ಅದು, ಒಂದು ರೋಲಿಗೆ ಎಂಟು. ಬಾಕ್ಸ್ ಕ್ಯಾಮೆರಾಗೆ ಒಂದೇ ವೇಗ. ಬಿಸಿಲಿರಬೇಕು, ಹತ್ತಡಿ ದೂರವಿರಬೇಕು, ಅಲುಗಾಡಬಾರದು. ಇವರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ನಿಂತಿದ್ದರು. ಡ್ರೈವರನ ಕೈಯಲ್ಲಿ ಇರಬಹುದಾದ ಕ್ಯಾಮೆರಾ ತೆಗೆಯಬಹುದಾದ ಚಿತ್ರಗಳು ಇವೇ.

ಇವನ್ನು ನಂಬಲು ಆಸೆಯಾಯಿತು, ಅದಕ್ಕೇ ಇನ್ನಷ್ಟು ಕೆದಕಿದೆ. ಅಡಿಕೆ ಮರ ನೋಡಿ ‘ಇದು ನಮ್ಮ ತೋಟವೇ’ ಎಂದರು ಸಮಿತಿಯವರು. ಅಡಿಕೆ ನಮ್ಮ ಪಿತ್ರಾರ್ಜಿತ ಎಂಬುದು ಮಲೆನಾಡಿಗರ ಭ್ರಮೆ. ಅಸ್ಸಾಮಿನಲ್ಲೂ ಇದೆ, ಬರ್ಮಾದಲ್ಲೂ ಇದೆ, ಅಲ್ಲಿಯವರು ನಮ್ಮಷ್ಟೇ ಎಲೆಯಡಿಕೆ ಜಗಿಯುತ್ತಾರೆ. ಲಾರಿಯ ಸ್ಟೀರಿಂಗ್ ಎಡಗಡೆಗಿದೆ, ಅಮೆರಿಕದ ಲಾರಿ, ಹಾಗಾದರೆ ಅಜ್ಜ ಅಸ್ಸಾಮಿನಿಂದ ಬರ್ಮಾದ ಮೂಲಕ ಚೀನಾದತ್ತ ಹೋಗುವ ಲೆಡೊ ರಸ್ತೆಯಲ್ಲಿ ಅಮೆರಿಕನ್ನರ ಜೊತೆಗಿದ್ದರು ಎಂದು ಇನ್ನೊಬ್ಬರು ಹೊಸ ಅಧ್ಯಾಯ ತೆರೆದರು. ಲಾರಿಯ ಮೋಟು ಮೂತಿ ನೋಡಿದರೆ ಅದು ಕೆನಡಾದ ಫೋರ್ಡ್-ಶೆವ್ರೊಲೆ ಜಾತಿಯದು, ಭಾರತೀಯ ಸೈನ್ಯಕ್ಕೆ ಹೇರಳವಾಗಿ ಬಂದದ್ದು. ಅವೆಲ್ಲಕ್ಕೂ ಸ್ಟೀರಿಂಗ್ ಬಲಕ್ಕೆ. ಮಸೂರ ಹಿಡಿದು ಪಕ್ಕದಲ್ಲಿ ನಿಂತವರ ಅಂಗಿ ನೋಡಿದೆ. ಮೂವರ ಅಂಗಿಯಲ್ಲೂ ಬಲಪಟ್ಟಿ ಎಡದ ಮೇಲೆ ಬಂದಿತ್ತು. ಗಂಡಸರ ಅಂಗಿ ಹೊಲಿಯುವುದು ಅದಕ್ಕೆ ವಿರುದ್ಧ. ಪ್ರಿಂಟ್ ಮಾಡಿದವನು ನೆಗೆಟಿವನ್ನು ಮಗುಚಿ ಇಟ್ಟಿದ್ದ, ಅಷ್ಟೇ. ನೆಗೆಟಿವಿನ ಬೆನ್ನು ಕಾಗದಕ್ಕೆ ತಾಗಿದ್ದರಿಂದ ಆ ಒಂದು ಪ್ರಿಂಟು ಉಳಿದವಕ್ಕಿಂತ ಕೂದಲೆಳೆಯಷ್ಟು ಮಸುಕೂ ಆಗಿತ್ತು. ಸ್ಕ್ಯಾನ್ ತಿರುಗಿಸಿದೆ, ಸ್ಟೀರಿಂಗ್ ಬಲಕ್ಕೆ ಬಂತು, ಲೆಡೊ ರಸ್ತೆ ಮುಚ್ಚಿತು.

ಅದೇ ಲಾರಿಯ ಮಡ್‌ಗಾರ್ಡಿನ ಮೇಲೆ ಬೆನ್ನು ಉಬ್ಬಿಸಿದ ಕಪ್ಪು ಬೆಕ್ಕು. ಬರ್ಮಾದಲ್ಲಿ ಹೋರಾಡಿದ 17ನೇ ಭಾರತೀಯ ಡಿವಿಜನ್ನಿನ ಲಾಂಛನ ಅದು. ಇಂಫಾಲದಲ್ಲೂ ಇತ್ತು, 1945ರ ಆರಂಭದಲ್ಲಿ ಮೆಕ್ಟಿಲಾ ಹಿಡಿದದ್ದೂ ಅದೇ. ಮೇಷ್ಟ್ರು ಕುಣಿದಾಡಿದರು. ನಾನು ತಣ್ಣೀರು ಎರಚಬೇಕಾಯಿತು. ಅದೇ ಸಂಖ್ಯೆಯ ಡಿವಿಜನ್ ಸ್ವತಂತ್ರ ಭಾರತದಲ್ಲಿ ಮತ್ತೆ ಕಟ್ಟಲ್ಪಟ್ಟಿತು, ಅದೇ ಬೆಕ್ಕನ್ನು ಇಟ್ಟುಕೊಂಡಿತು, 1961ರ ಡಿಸೆಂಬರಿನಲ್ಲಿ ಗೋವಾಕ್ಕೆ ನುಗ್ಗಿತು. ನಮ್ಮ ಕಡೆಯಿಂದ ಗೋವಾ ಎಷ್ಟು ದೂರ! ಕೆನಡಾದ ಲಾರಿಗಳೂ ಯುದ್ಧ ಮುಗಿದ ದಿನವೇ ಗುಜರಿಗೆ ಹೋದವಲ್ಲ. ಕೊನೆಗೆ ನೆರವಿಗೆ ಬಂದದ್ದು ಲಾರಿಯ ಬಾಗಿಲ ಮೇಲೆ ಅರ್ಧ ಕೆಸರು ಮೆತ್ತಿದ್ದ ಐದು ಮೂಲೆಯ ಬಿಳಿ ನಕ್ಷತ್ರ. ಮಿತ್ರರಾಷ್ಟ್ರಗಳ ವಾಹನಗಳಿಗೆ ಬಳಿಯುತ್ತಿದ್ದ ಗುರುತು ಅದು. ಗೋವಾಕ್ಕೆ ಹೊರಟ ಲಾರಿಗೆ ಅದನ್ನು ಬಳಿಯಲು ಯಾವ ಕಾರಣವೂ ಇಲ್ಲ. 1946ರಲ್ಲಿ ಸೈನ್ಯ ಬಿಟ್ಟ ಕಾಗದ, ಹೊಳೆಯದ ಪ್ರಿಂಟು, ಅತ್ತೆಯ ಮಾತು, ನಕ್ಷತ್ರ. ನಾಲ್ಕೂ ಒಂದೇ ಕಡೆಗೆ ಬೆರಳು ಮಾಡುತ್ತಿದ್ದವು. ಯಾವ ಊರು, ಯಾವ ಹೊಳೆ ಎಂಬುದು ಮಾತ್ರ ಯಾವ ಮಸೂರಕ್ಕೂ ಸಿಗಲಿಲ್ಲ. ಸಾಲಾಗಿ ನಿಂತ ಐವರಲ್ಲಿ ಅಜ್ಜ ಯಾರೆಂದು ಅತ್ತೆಯನ್ನು ಕೇಳಿದ್ದಕ್ಕೆ ಅವರು ಬಹಳ ಹೊತ್ತು ನೋಡಿ, ಎಡದಿಂದ ಎರಡನೆಯವರೋ ಕೊನೆಯವರೋ, ಟೋಪಿ ಇಲ್ಲದಿದ್ದರೆ ಹೇಳುತ್ತಿದ್ದೆ ಎಂದಿದ್ದರು.

ಸ್ಮರಣ ಸಂಚಿಕೆಯ ಸಮಿತಿಗೆ ಎರಡು ಕವರುಗಳಲ್ಲಿ ವಿಂಗಡಿಸಿ ಕೊಟ್ಟೆ. ದೊಡ್ಡವುಗಳಿಗೆ ‘ಯುದ್ಧಕಾಲದ ಪತ್ರಿಕೆಗಳಿಂದ 1960ರ ದಶಕದಲ್ಲಿ ಶಿವಮೊಗ್ಗದಲ್ಲಿ ಮಾಡಿಸಿದ ಪ್ರತಿಗಳು’ ಎಂದೂ, ಚಿಕ್ಕವುಗಳಿಗೆ ‘ಜೊತೆಯ ಚಾಲಕರೊಬ್ಬರು ತೆಗೆದವು ಎಂಬುದು ಮನೆಯವರ ನೆನಪು, ಸುಮಾರು 1944-45, ಸ್ಥಳ ಖಚಿತವಿಲ್ಲ’ ಎಂದೂ ಅಡಿಬರಹ ಬರೆದಿದ್ದೆ. ಕಾರ್ಯದರ್ಶಿಗಳು ಓದಿ, ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

“ಖಚಿತವಿಲ್ಲ ಎಂದು ಅಚ್ಚು ಹಾಕಿದರೆ ಜಾಹೀರಾತು ಕೊಟ್ಟವರು ಏನೆನ್ನುತ್ತಾರೆ? ಟ್ಯಾಂಕಿನದನ್ನಾದರೂ ಮುಖಪುಟಕ್ಕೆ ಹಾಕಬಹುದಲ್ಲ?”

ಲಂಡನ್ನಿನವರನ್ನು ಕೇಳಿ ಹಾಕಬಹುದು ಎಂದೆ. ಆ ಮಾತಿಗೆ ಸಭೆ ಸ್ವಲ್ಪ ಹೊತ್ತು ತಣ್ಣಗಾಯಿತು. ಮೇಷ್ಟ್ರು ಆವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಎದ್ದು, ದೊಡ್ಡ ಕವರನ್ನು ವಾಪಸ್ ತಮ್ಮ ಚೀಲಕ್ಕೆ ಹಾಕಿಕೊಂಡು, ಹಾಕುವುದಾದರೆ ಲಾರಿಯದನ್ನು ಹಾಕಿ, ಇಲ್ಲದಿದ್ದರೆ ಎಂಟು ಪುಟವನ್ನೂ ಜಾಹೀರಾತಿಗೇ ಕೊಟ್ಟುಬಿಡಿ ಎಂದರು. ಅರ್ಧ ಗಂಟೆ ಗಲಾಟೆಯಾಗಿ ಎಂಟು ಪುಟ ಮೂರಕ್ಕೆ ಇಳಿಯಿತು, ಲಾರಿ ಒಳಪುಟದಲ್ಲಿ ಅಚ್ಚಾಯಿತು, ಸ್ಟೀರಿಂಗ್ ಬಲಕ್ಕೇ ಇತ್ತು.